ಒಂದಕ್ಕೆ ಹನ್ನೆರಡು

ಗಾಲಿಕುರ್ಚಿಯಲ್ಲಿ ಓಡಾಡುವ ಮಗುವಿರುವ ಮನೆಯಲ್ಲಿ ವ್ಯಾಯಾಮ, ಮಾತ್ರೆ, ಸ್ಕೂಲಿನವರ ಜೊತೆ ಜಗಳ ಎಲ್ಲವೂ ಅಮ್ಮನ ಪಾಲಿಗೆ ಹೋಗಿ, ಅಪ್ಪನಿಗೆ ಉಳಿಯುವುದು ಸಿಮೆಂಟು. ನಾನು ಅದನ್ನೇ ಭದ್ರವಾಗಿ ಹಿಡಿದುಕೊಂಡೆ. ಮಗಳಿಗೆ ಸೆರೆಬ್ರಲ್ ಪಾಲ್ಸಿ. ಕಾಲುಗಳು ಬಿಗಿ, ನಾಲಿಗೆ ಮಾತ್ರ ಬಲು ಸಡಿಲ. ಒಂಬತ್ತು ತುಂಬಿದವಳನ್ನು ಎತ್ತಿಕೊಂಡು ಮೆಟ್ಟಿಲಿಳಿಯಲು ನನ್ನ ಸೊಂಟ ತಕರಾರು ತೆಗೆದಾಗ, ರ‍್ಯಾಂಪ್ ಕಟ್ಟಿಸುವುದೆಂದಾಯಿತು.

ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು. ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಎಂಬ ನಿಯಮ ಬಾಯಿಪಾಠ. ನಮ್ಮದು ಆರಂಗುಲದ ಮೂರು ಮೆಟ್ಟಿಲು, ಅಂದರೆ 18 ಅಡಿ ಬೇಕು. 30-40 ಸೈಟಿನಲ್ಲಿ ಬಾಗಿಲಿಂದ ಗೇಟಿಗೆ ಇದ್ದದ್ದು ಆರೇ ಅಡಿ.

"ನಿಮ್ ಲೆಕ್ಕದಲ್ಲಿ ಹಾಕಿದ್ರೆ ಎದುರುಮನೆ ಹಾಲಿಗೇ ಹೋಗಿ ಇಳೀಬೇಕು ಸಾರ್," ಅಂದ ಮೇಸ್ತ್ರಿ.

ಆರಡಿಯಲ್ಲೇ ಮುಗಿಸಿದೆವು. ಒಂದಕ್ಕೆ ನಾಲ್ಕು! ನನ್ನ ಹುಡುಗರು ಈ ಉತ್ತರ ಬರೆದಿದ್ದರೆ ಸೊನ್ನೆ ಸುತ್ತುತ್ತಿದ್ದೆ.

"ಅಪ್ಪಾ, ಇದು ಜಾರುಬಂಡೆ," ಎಂದಳು ಮಗಳು.

"ಸುಮ್ನೆ ನೋಡ್ತಿರು ಪುಟ್ಟೀ," ಎಂದು ಅವಳನ್ನು ಬಾಗಿಲ ಬಳಿಯಿದ್ದ ಅಜ್ಜಿಯ ಆರಾಮಕುರ್ಚಿಗೆ ದಾಟಿಸಿ, ಗಾಲಿಕುರ್ಚಿಯಲ್ಲಿ ನಾನೇ ಕೂತೆ. ಮಕ್ಕಳ ಅಳತೆಯದು, ಸೊಂಟ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುವಷ್ಟರಲ್ಲಿ ಗಾಲಿ ಹೊರಟೇಬಿಟ್ಟಿತ್ತು. ಗೇಟು ಪುಣ್ಯಕ್ಕೋ ಪಾಪಕ್ಕೋ ತೆರೆದಿತ್ತು. ಮುಂದಿನ ಪುಟ್ಟ ಚಕ್ರಗಳು ಎದುರುಮನೆಯ ಮೋರಿ ಚಪ್ಪಡಿಯ ಸಂದಿಗೆ ಬಿದ್ದವು. ಆ ಮನೆಯಾಕೆ ಆಗತಾನೇ ಮುಗಿಸಿದ್ದ ರಂಗೋಲಿಯ ಮೇಲೆ ನಾನು ಮಂಡಿಯೂರಿ ಬಿದ್ದೆ, ಬೆನ್ನ ಮೇಲೆ ಕುರ್ಚಿ ಹೊತ್ತ ಆಮೆಯ ಹಾಗೆ.

ಸೊಪ್ಪಿನ ಬುಟ್ಟಿ ಹೊತ್ತವಳು ನಿಂತು, "ಅಯ್ಯೋ ಶಿವನೇ, ಮೇಷ್ಟ್ರಿಗೂ ಕಾಲು ಹೋಯ್ತಾ?" ಎಂದು ಮರುಗಿದಳು.

ಬಾಗಿಲಿಂದ ಮಗಳ ಕೂಗು: "ಬ್ರೇಕು ಎರಡೂ ಕಡೆ ಇದೆ ಅಪ್ಪಾ, ಒಂದನ್ನಾದ್ರೂ ಹಿಡೀಬಾರ್ದಿತ್ತಾ!"

ಮಂಡಿಗೆ ಅರಿಶಿನ ಮೆತ್ತುವಾಗ ಅವಳೇ ಕೇಳಿದಳು: "ನೇರ ಯಾಕೆ? ಗೋಡೆಗೆ ಒತ್ತಿ ಅಡ್ಡ ಕಟ್ಟಬಾರ್ದಾ?" ಸೈಟಿನ ಅಗಲ 30 ಅಡಿ. ಇಪ್ಪತ್ತು ವರ್ಷದಿಂದ ಆಯತದ ಉದ್ದಗಲ ಪಾಠ ಮಾಡಿದವನಿಗೆ ಅದು ಹೊಳೆದಿರಲಿಲ್ಲ. ಒಡೆಸಿ ಮತ್ತೆ ಕಟ್ಟಿಸಿದೆ. ಹೆಂಡತಿಯ ದಾಸವಾಳ ಹೋಯಿತು, ನನ್ನ ಸ್ಕೂಟರ್ ಬೀದಿಗೆ ಬಿತ್ತು. "ಮನೆ ಲಕ್ಷಣ ಕೆಟ್ಟಿತು" ಎಂದು ಗೊಣಗಿದ ನಮ್ಮಮ್ಮ ಈಗ ಮಂಡಿನೋವಿನ ನೆಪದಲ್ಲಿ ಮೆಟ್ಟಿಲು ಮುಟ್ಟುವುದಿಲ್ಲ. ಸಿಲಿಂಡರಿನವನಂತೂ ಉರುಳಿಸಿಕೊಂಡೇ ಬರುತ್ತಾನೆ. ಹೊತ್ತು ತಂದದ್ದಕ್ಕೆಂದು ಕೊಡುತ್ತಿದ್ದ ಹತ್ತು ರೂಪಾಯಿಯನ್ನು ಮಾತ್ರ ಬಿಟ್ಟಿಲ್ಲ.

ಆದರೆ ನನ್ನ ಹೆಸರು ಉಳಿದುಬಿಟ್ಟಿತು. ಕಲ್ಯಾಣಮಂಟಪ, ಬ್ಯಾಂಕು, ಎಲ್ಲಿ ಕಡಿದಾದ ರ‍್ಯಾಂಪ್ ಕಂಡರೂ ಮಗಳು, "ಇದೂ ಅಪ್ಪಂದೇ" ಅನ್ನುತ್ತಾಳೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ನಿಯಮ ಬಂದ ಐದು ವರ್ಷದೊಳಗೆ ಸರಿಪಡಿಸಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಹಾಗಾಗಿ ಅವಸರಕ್ಕೆ ಕಡಿದಾಗಿ ಕಟ್ಟಿ ಕೈತೊಳೆದುಕೊಂಡ ನನ್ನ ಶಿಷ್ಯರು ಊರೆಲ್ಲ ಇದ್ದಾರೆ. ಮೊನ್ನೆ ಒಂದು ಕಚೇರಿಗೆ ಹೋಗಿದ್ದೆವು. ಇಳಿಜಾರು ಲೆಕ್ಕಕ್ಕೆ ಸರಿಯಾಗಿತ್ತು, ಹಿಡಿಕಂಬಿಯೂ ಇತ್ತು. ಖುಷಿಯಿಂದ ಮೇಲೆ ತಳ್ಳಿಕೊಂಡು ಹೋದರೆ ತುದಿಯಲ್ಲಿ ಬಾಗಿಲಿಗೆ ಬೀಗ. ಮಗಳು ಬೀಗವನ್ನು ಎಳೆದು ನೋಡಿ ತಲೆದೂಗಿದಳು: "ಇದು ಅಪ್ಪಂಗೂ ಹೊಳೆದಿರ್ಲಿಲ್ಲ."