ಒಂಟಿಗಾಜಿನ ಮೀಮಾಂಸೆ

ಒಬ್ಬ ಮನುಷ್ಯನೊಳಗೆ ಇಬ್ಬರಿರುತ್ತಾರೆಂದು ಆರ್. ಎಲ್. ಸ್ಟೀವನ್ಸನ್ 1886ರಲ್ಲಿ ಪುಸ್ತಕ ಬರೆದು ಸಾಧಿಸಿದ. ಒಂದು ಸಿನಿಮಾದೊಳಗೂ ಎರಡು ಸಿನಿಮಾ ಇರುತ್ತವೆಂಬುದನ್ನು ಇಂಗ್ಲೆಂಡಿನ ಆಮಿಕಸ್ ಕಂಪನಿ 1971ರ ‘ಐ, ಮಾನ್‌ಸ್ಟರ್’ನಲ್ಲಿ ಕಡಿಮೆ ದುಡ್ಡಿಗೇ ಸಾಧಿಸಿತು. ಈ ಎರಡನೆಯ ಸಾಧನೆಯ ಬಗ್ಗೆ ವಿದ್ವಾಂಸರು ಬಾಯಿ ಬಿಡದಿರುವುದರಿಂದ ಪ್ರಸ್ತುತ ಪ್ರಬಂಧ.

ಮೊದಲು ನಾಮಪ್ರಕರಣ. ಕಥೆ ಸ್ಟೀವನ್ಸನ್‌ನ ಆ ಪುಸ್ತಕದ್ದೇ, ಆದರೂ ಚಿತ್ರದಲ್ಲಿ ಜೆಕಿಲ್ ಇಲ್ಲ, ಹೈಡ್ ಇಲ್ಲ. ಮಾರ್ಲೋ ಇದ್ದಾನೆ, ಬ್ಲೇಕ್ ಇದ್ದಾನೆ. ಇಬ್ಬರೂ ಕ್ರಿಸ್ಟೋಫರ್ ಲೀಯೇ. ಆದರೆ ವಕೀಲ ಅಟರ್ಸನ್, ಗೆಳೆಯ ಲ್ಯಾನ್ಯನ್, ಮನೆಯಾಳು ಪೂಲ್ ಎಲ್ಲರೂ ಕಾದಂಬರಿಯ ಹೆಸರಲ್ಲೇ ಓಡಾಡುತ್ತಾರೆ. ನೆಂಟರಿಷ್ಟರೆಲ್ಲ ಸರಿಯಾಗಿದ್ದು ಮದುಮಗನ ಹೆಸರಷ್ಟೇ ಲಗ್ನಪತ್ರಿಕೆಗೆ ತಾಳೆಯಾಗದ ಮದುವೆ. ತನ್ನ ಹೆಸರು ತನಗೇ ಒಗ್ಗದವನೆಂದು ನಿರ್ಮಾಪಕರು ಇಲ್ಲಿ ಧ್ವನಿಸಿದ್ದಾರೆ. ಧ್ವನಿಗೆ ಖರ್ಚಿಲ್ಲ.

ನೇತ್ರಪ್ರಕರಣ ಇನ್ನೂ ಗಹನ. ಚಿತ್ರ ತ್ರೀಡಿಯಲ್ಲಿ ಬರಬೇಕಿತ್ತು, ಅದೂ ಅಗ್ಗದ ತ್ರೀಡಿ: ಒಂದು ಕಣ್ಣಿಗೆ ಕಪ್ಪು ಗಾಜು, ಇನ್ನೊಂದಕ್ಕೆ ಏನಿಲ್ಲ. ಕಪ್ಪಿನ ಹಿಂದಿನ ಕಣ್ಣು ಮಿದುಳಿಗೆ ಸುದ್ದಿಯನ್ನು ಕೊಂಚ ತಡವಾಗಿ ಮುಟ್ಟಿಸುತ್ತದೆ. ಅಡ್ಡಡ್ಡ ಹೋಗುವ ವಸ್ತು ಮುಂದಕ್ಕೋ ಹಿಂದಕ್ಕೋ ಸರಿದಂತೆ ಕಾಣುತ್ತದೆ. ಇದನ್ನು 1922ರಲ್ಲಿ ವಿವರಿಸಿದ ಜರ್ಮನಿಯ ಕಾರ್ಲ್ ಪುಲ್ಫ್ರಿಶ್‌ಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ತನ್ನ ಹೆಸರಿನ ಚಮತ್ಕಾರವನ್ನು ತಾನೇ ನೋಡಲಾರ! ಶಾಸ್ತ್ರಕಾರರಿಗೆ ಇಷ್ಟು ನಿರ್ಲಿಪ್ತತೆ ಇರಬೇಕು.

ತೊಡಕೆಂದರೆ ಕ್ಯಾಮೆರಾ ನಿಂತರೆ ತ್ರೀಡಿಯೂ ನಿಂತಿತು. ದಿಕ್ಕು ತಪ್ಪಿದರೆ ಹಿಂದಿನ ಗೋಡೆ ಮುಂದೆ, ಮುಂದಿನ ಮನುಷ್ಯ ಗೋಡೆಯಾಚೆ. ಶೂಟಿಂಗ್ ನಡುವೆಯೇ ಯೋಜನೆ ಕೈಬಿಟ್ಟರು. ತೆಗೆದ ಶಾಟುಗಳು ಮಾತ್ರ ಉಳಿದವು. ಹಾಗಾಗಿ ಕ್ಯಾಮೆರಾ ಯಾರ ಹಂಗೂ ಇಲ್ಲದೆ ಪಕ್ಕಕ್ಕೆ ಜರುಗುತ್ತದೆ, ಪಂಕ್ತಿಯಲ್ಲಿ ಸಾರು ಬಡಿಸುವವನ ಹಾಗೆ. ಪಾಮರರು ಇದನ್ನು ದೋಷವೆಂದರು. ಸತ್ತದ್ದರ ನಡಿಗೆ ಬದುಕಿರುವುದರಲ್ಲಿ ಕಾಣಿಸಿಕೊಂಡರೆ ನಮ್ಮ ಕಡೆ ಮೈಮೇಲೆ ಬಂದಿದೆ ಎನ್ನುತ್ತಾರೆ. ಮಾರ್ಲೋನ ಮೈಮೇಲೆ ಬ್ಲೇಕ್, ಸಿನಿಮಾದ ಮೈಮೇಲೆ ತ್ರೀಡಿ.

ಕೊನೆಗೆ ಪ್ರಯೋಗಪ್ರಕರಣ. ಪ್ರಬಂಧಕಾರನು ತನ್ನ ಕೂಲಿಂಗ್ ಗ್ಲಾಸಿನ ಬಲಗಾಜನ್ನು ಈಳಿಗೆಮಣೆಯ ತುದಿಯಿಂದ ಎಬ್ಬಿಸಿ ತೆಗೆದು ಚಿತ್ರದ ಮುಂದೆ ಕುಳಿತನು. ಕಾಲು ಗಂಟೆಗೆ ತಲೆನೋವು. ಕಾಫಿ ತಂದ ಧರ್ಮಪತ್ನಿ ಬಾಗಿಲಲ್ಲೇ ನಿಂತು, “ಏನ್ರೀ ಇದು, ಕಣ್ಣಿಗೇನಾಯ್ತು?” ಎಂದರು. ಲೋಟ ಬಲದಿಂದ ಎಡಕ್ಕೆ ಬಂತು. ಇದ್ದದ್ದಕ್ಕಿಂತ ಒಂದು ಗೇಣು ಹತ್ತಿರ ಕಂಡಿತು. ಕೈ ಗಾಳಿಯನ್ನು ಹಿಡಿಯಿತು, ಕಾಫಿ ಪಂಚೆಗೆ ಬಿತ್ತು.

ಸದರಿ ಪಂಚೆಯನ್ನು ಪುರಾವೆಯಾಗಿ ಮಡಿಸಿ ಇಡಲಾಗಿದೆ. ಅದನ್ನು ಒಗೆಯಲು ಹಾಕಬೇಕೆಂಬುದು ಪೂರ್ವಪಕ್ಷ.