ಹೆಜಮಾಡಿಯ ಕೌಬಾಯ್ ಪಂಡಿತರು

ಕೌಬಾಯ್ ಸಿನಿಮಾಗಳನ್ನು ಅರೆದು ಕುಡಿದ ಪಂಡಿತರು ಕರಾವಳಿಯ ಉದ್ದಕ್ಕೂ ಕಾಣಸಿಗುತ್ತಾರೆ. ಹೆಜಮಾಡಿಯ ತಳಿ ಮಾತ್ರ ಸ್ವಲ್ಪ ಬೇರೆ. ಇವರು ಸಾಮಾನ್ಯವಾಗಿ ನಿವೃತ್ತ ಬ್ಯಾಂಕ್ ನೌಕರರು. ಬೊಂಬಾಯಿ ಶಾಖೆಯಲ್ಲಿದ್ದ ಕಾಲದಲ್ಲಿ ಸ್ಟರ್ಲಿಂಗ್, ಈರಾಸ್ ಟಾಕೀಸುಗಳಿಗೆ ಹೋಗಿ ಹೋಗಿ ಹೀಗಾದರೆಂದು ಮನೆಯವರ ಅಭಿಪ್ರಾಯ. ಕುದುರೆ ಇಲ್ಲ, ಹಳೇ ಸ್ಕೂಟರ್ ಉಂಟು. ಮೊಣಕಾಲು ನೋವಿನ ದೆಸೆಯಿಂದ ಅದನ್ನು ಒಂದೇ ಸಲಕ್ಕೆ ಏರಲಾಗುವುದಿಲ್ಲ.

‘ಮೆಕೆನ್ನಾಸ್ ಗೋಲ್ಡ್’ ಮೆಚ್ಚುವವರನ್ನು ಪಂಡಿತರು ಮಕ್ಕಳೆಂದು ಕ್ಷಮಿಸುತ್ತಾರೆ. ಅವರ ಲೆಕ್ಕದಲ್ಲಿ ನಿಜವಾದ ವೆಸ್ಟರ್ನ್ ಶುರುವಾಗುವುದು 1992ರ ‘ಅನ್‌ಫರ್ಗಿವನ್’ನಿಂದ. ಅದರ ನಾಯಕ ಹಂದಿ ಸಾಕಿಕೊಂಡಿರುವ ಮುದಿ ವಿಧುರ. ಪಿಸ್ತೂಲು ಹಿಡಿದರೆ ಡಬ್ಬಕ್ಕೂ ಗುರಿ ತಾಗದು, ಕುದುರೆ ಹತ್ತಲು ಹೋದರೆ ಬೀಳುತ್ತಾನೆ. ಈ ಪಾತ್ರಕ್ಕೆ ತಕ್ಕ ವಯಸ್ಸಾಗಲೆಂದು ಕ್ಲಿಂಟ್ ಈಸ್ಟ್‌ವುಡ್ ಚಿತ್ರಕಥೆಯನ್ನು ವರ್ಷಗಟ್ಟಲೆ ತೆಗೆದಿರಿಸಿದ್ದರು. ಚಿತ್ರ ಬಂದಾಗ ಅವರಿಗೆ 62. ಬಂದೂಕು ವೀರರ ಕಥೆಗಳ ಪೊಳ್ಳನ್ನು ಬಿಚ್ಚಿಟ್ಟು, ಕೊಲೆ ಎಂದರೆ ಕೊಂದವನಿಗೂ ಎಷ್ಟು ಭಾರವೆಂದು ತೋರಿಸಿದ್ದೇ ಇದರ ಹೆಚ್ಚುಗಾರಿಕೆ. ಅತ್ಯುತ್ತಮ ಚಿತ್ರದ ಆಸ್ಕರ್ ಕೂಡ ಬಂತು. ಕುದುರೆಯಿಂದ ಬೀಳುವ ದೃಶ್ಯವನ್ನು ವಿವರಿಸುವಾಗ ಪಂಡಿತರು ಸ್ಕೂಟರಿನತ್ತ ನೋಡುವುದಿಲ್ಲ.

ಆದರೆ ಅವರ ಪಾಂಡಿತ್ಯಕ್ಕೆ ನಿಜವಾದ ಕಳೆ ಬರುವುದು ‘ಹೆಲ್ ಆರ್ ಹೈ ವಾಟರ್’ (2016) ಪ್ರಸ್ತಾಪವಾದಾಗ. ಟೆಕ್ಸಾಸಿನ ಅಣ್ಣತಮ್ಮಂದಿರಿಬ್ಬರು ತಾಯಿಯ ಜಮೀನನ್ನು ನುಂಗಹೊರಟ ಬ್ಯಾಂಕಿನ ಶಾಖೆಗಳನ್ನೇ ದೋಚಿ, ಅದೇ ದುಡ್ಡಿನಿಂದ ಅದೇ ಬ್ಯಾಂಕಿನ ಸಾಲ ತೀರಿಸುವ ಕಥೆ. ಕಾರ್ಪೊರೇಶನ್, ಸಿಂಡಿಕೇಟ್ ಬ್ಯಾಂಕುಗಳು ಹುಟ್ಟಿದ ಉಡುಪಿಯ ಸೀಮೆಯಲ್ಲಿ ಇದನ್ನು ನಿರ್ಲಿಪ್ತವಾಗಿ ನೋಡಲಾಗದು. ಪಂಡಿತರ ಮನಸ್ಸು ದರೋಡೆಕೋರರ ಪರ, ಬುದ್ಧಿ ಮ್ಯಾನೇಜರನ ಪರ. ತಾಯಿಯ ರಿವರ್ಸ್ ಮಾರ್ಟ್‌ಗೇಜ್ ದಾಖಲೆಯ ಮೇಲೆ ಅವರು ಕೊಡುವ ಉಪನ್ಯಾಸ ಸಿನಿಮಾಕ್ಕಿಂತ ಉದ್ದ.

‘ನೋ ಕಂಟ್ರಿ ಫಾರ್ ಓಲ್ಡ್ ಮೆನ್’ (2007) ಚಿತ್ರಕ್ಕೆ ಯಕ್ಷಗಾನದ ಅಳತೆಗೋಲು. ಆಟದಲ್ಲಿ ರಕ್ಕಸನ ಬಣ್ಣದ ವೇಷ ಬರುವಾಗ ತೆರೆ ಹಿಡಿಯುತ್ತಾರೆ, ಚೆಂಡೆ ಮೊಳಗುತ್ತದೆ. ಇದರ ನಿರ್ದೇಶಕರಾದ ಕೋಯೆನ್ ಸಹೋದರರ ರಕ್ಕಸ ಮಾತ್ರ ಸದ್ದೇ ಇಲ್ಲದೆ ಅಂಗಡಿಗೆ ಬಂದು, ನಾಣ್ಯ ಚಿಮ್ಮಿ, ಅಂಗಡಿಯವನ ಆಯುಷ್ಯ ತೀರ್ಮಾನಿಸುತ್ತಾನೆ. ಹಿನ್ನೆಲೆ ಸಂಗೀತ ಇಲ್ಲವೆನ್ನುವಷ್ಟು ಕಡಿಮೆ. ‘ಮೌನವೇ ಇದರ ಶಕ್ತಿ ಮಾರಾಯ್ರೆ’ ಎಂದು ಪಂಡಿತರು ಗಂಟೆಗಟ್ಟಲೆ ಹೇಳುತ್ತಾರೆ.

ಅದೇ ಸಹೋದರರ ‘ಟ್ರೂ ಗ್ರಿಟ್’ (2010) ಪಂಡಿತರ ಮನೆಯವರಿಗೂ ಮೆಚ್ಚುಗೆ. ಹದಿನಾಲ್ಕರ ಹುಡುಗಿ ಕುದುರೆ ವ್ಯಾಪಾರಿಯೊಡನೆ ಚೌಕಾಶಿ ಮಾಡುವ ದೃಶ್ಯ ನೋಡಿ, ‘ಇವಳನ್ನು ಮೀನು ತರಲು ಕಳಿಸಬಹುದಿತ್ತು, ನಿಮಗೆ ಬಂಗುಡೆಯ ರೇಟೂ ಗೊತ್ತಿಲ್ಲ’ ಎಂದರಂತೆ. ಪಂಡಿತರು ಇದನ್ನು ವಿಮರ್ಶೆಯೆಂದು ಪರಿಗಣಿಸುವುದಿಲ್ಲ.

ಜೂನ್, ಜುಲೈ ಇವರಿಗೆ ಸುಗ್ಗಿ. ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟಿನವರು ಬಿಡುವಾಗಿರುತ್ತಾರೆ, ಹೊರಗೆ ಮಳೆ; ಚಾ, ಗೋಳಿಬಜೆ ಮುಗಿಯುವ ತನಕ ಯಾರೂ ಏಳಲಾರರು. ದ್ವಾರಕೀಶರ ‘ಕೌಬಾಯ್ ಕುಳ್ಳ’ವನ್ನು ಯಾರಾದರೂ ನೆನಪಿಸಿದರೆ ಪಂಡಿತರು ನಕ್ಕು ಬಿಡುತ್ತಾರೆ. ‘ಶೋಲೆ’ಯ ಮಾತು ಮಾತ್ರ ಎತ್ತಬಾರದು. ಅದು ರಾಮನಗರದ ಬಂಡೆಗಳಿಂದ ಇಟಲಿಯ ಸೆರ್ಜಿಯೋ ಲಿಯೋನೆಯವರೆಗೆ ಹೋಗುತ್ತದೆ. ಅಷ್ಟರಲ್ಲಿ ಉಡುಪಿಯ ಕೊನೆಯ ಬಸ್ಸೂ ಹೋಗಿರುತ್ತದೆ.