ಪಿಸ್ಟನ್ ಮೀಮಾಂಸೆ: ಪ್ರೇಮದಲ್ಲಿ 'ನಾನು' ಎಷ್ಟು ಉಳಿಯಬೇಕು?

ವಿಷಯ ಪ್ರವೇಶ

ಪ್ರೀತಿಸಿದ ಮೇಲೆ 'ನಾನು' ಎಂಬ ಪದಾರ್ಥ ಎಷ್ಟು ಉಳಿಯಬೇಕು ಎಂಬ ಪ್ರಶ್ನೆಗೆ ಬೆಳಗಾವಿ ಜಿಲ್ಲೆಯಲ್ಲಿ ಎರಡು ಪಂಥಗಳಿವೆ. ಒಂದು ಖಾನಾಪುರದ ಕಾಡಿನಲ್ಲಿ ಹುಟ್ಟಿದ್ದು. ಇನ್ನೊಂದು ಆಟೋ ನಗರದ ಗ್ಯಾರೇಜುಗಳಲ್ಲಿ ಗ್ರೀಸ್ ಮೆತ್ತಿಕೊಂಡು ಬೆಳೆದದ್ದು. ಎರಡನ್ನೂ ತೂಗಿ ನೋಡುವುದು ಈ ಮಹಾಪ್ರಬಂಧದ ಉದ್ದೇಶ. ಮದುವೆಯಾದವರು ಬಿಡುವಾದಾಗ ಓದಬಹುದು. ನಿಶ್ಚಿತಾರ್ಥವಾದವರು ಇಂದೇ ಓದತಕ್ಕದ್ದು.

ಪೂರ್ವಪಕ್ಷ: ಖಾನಾಪುರ ಪಂಥ

ಇದರ ಮೂಲಾಧಾರ ಮಲಪ್ರಭೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ತಂಗಿ, ಸುಮಾರು 300 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. 'ಪ್ರೀತಿ ಅಂದರೆ ಹೀಗೆ ಕರಗಬೇಕು' ಎನ್ನುತ್ತಾರೆ ಈ ಪಂಥದವರು. ಇಲ್ಲೊಂದು ಆಕ್ಷೇಪವಿದೆ. ಮುಂದೆ ನಾರಾಯಣಪುರ ಜಲಾಶಯ ಮುಟ್ಟುವ ನೀರಿಗೆಲ್ಲ ಕೃಷ್ಣೆ ಎಂದೇ ಹೆಸರು. ಬೆರೆತವರು ಇಬ್ಬರು, ಹೆಸರು ಹೋದದ್ದು ಒಬ್ಬಳದು.

ಈ ಪಂಥದ ಆಚರಣೆ ನಮ್ಮ ಕಡೆಯ ಎಷ್ಟೋ ಮದುವೆಗಳಲ್ಲಿ ಕಾಣಸಿಗುತ್ತದೆ. ತಟ್ಟೆಯಲ್ಲಿ ಅಕ್ಕಿ ಹರವಿ, ವರ ಉಂಗುರದಿಂದ ವಧುವಿಗೆ ಹೊಸ ಹೆಸರು ಬರೆಯುತ್ತಾನೆ. ಹುಟ್ಟಿದಾಗಿನಿಂದ ಒಂದು ಹೆಸರಿಗೆ ತಿರುಗಿ ನೋಡಿದವಳು, ಊಟದ ಮೊದಲ ಪಂಕ್ತಿ ಏಳುವಷ್ಟರಲ್ಲಿ ಇನ್ನೊಂದಕ್ಕೆ ಓಗೊಡಬೇಕು. ಹೀಗೆ ಬದಲಿಸಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಬೆಳಗಾಂ ಅಧಿಕೃತವಾಗಿ ಬೆಳಗಾವಿಯಾಗಲು ಕೇಂದ್ರ ಸರ್ಕಾರದ ಒಪ್ಪಿಗೆ ಬೇಕಾಯಿತು, 2014ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ಹುಡುಗಿಗೆ ಒಂದು ಪಾವು ಅಕ್ಕಿ ಸಾಕು.

ಉತ್ತರಪಕ್ಷ: ಆಟೋ ನಗರ ಪಂಥ

ನಿಮಿಷಕ್ಕೆ ಸಾವಿರಾರು ಸಲ ಕೂಡಿ ಬಾಳುವ ಪಿಸ್ಟನ್ ಮತ್ತು ಸಿಲಿಂಡರಿನಷ್ಟು ಅನ್ಯೋನ್ಯ ದಾಂಪತ್ಯ ಲೋಕದಲ್ಲಿ ಮತ್ತೊಂದಿಲ್ಲ. ಆದರೂ ಎರಡರ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತಾರೆ. ಎಣ್ಣೆ ನಿಲ್ಲುವುದು ಆ ಸಂದಿನಲ್ಲೇ. ಕಾದ ಪಿಸ್ಟನ್ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಇಂಜಿನ್ ಸೀಜ್. ಮೇಸ್ತ್ರಿಗಳ ಬಾಯಲ್ಲಿ ಇದೇ ಸೂತ್ರ ಹೀಗಿದೆ: 'ಗ್ಯಾಪ್ ಇರ್ಲಿಲ್ಲಂದ್ರ ಹಿಡ್ಕೊಂಡ್‌ಬಿಡ್ತೈತ್ರಿ ಸರ.'

ಭಾಷ್ಯ: ಅವಳ ಗೆಳತಿಯರು, ಅವನ ಫೋನಿನ ಪಾಸ್‌ವರ್ಡ್, ಅವನು ಆಟೋ ನಗರದ ಕೆಎಸ್‌ಸಿಎ ಮೈದಾನದಲ್ಲಿ ಮ್ಯಾಚ್ ನೋಡುತ್ತ ಕೂರುವುದು, ಅವಳು ಯಾರಿಗೂ ಪಾಲು ಕೊಡದೆ ಕಾಲು ಕೆಜಿ ಕುಂದಾ ಮುಗಿಸುವುದು, ಇವೆಲ್ಲ ಸಂದಿಗೆ ಸೇರಿದ ದ್ರವ್ಯಗಳು.

ಅತಿವ್ಯಾಪ್ತಿ ದೋಷ: ಸಂದು ಹೆಚ್ಚಾದರೆ ಸದ್ದು ಜೋರು, ಹೊಗೆ ನೀಲಿ, ಎಣ್ಣೆ ಖಾಲಿ. 'ನನಗೆ ಸ್ಪೇಸ್ ಬೇಕು' ಎಂದು ಮೂರು ತಿಂಗಳು ಫೋನ್ ಎತ್ತದವನನ್ನು ಈ ಪಂಥ ಒಪ್ಪುವುದಿಲ್ಲ. ಅವನು ಗುಜರಿಗೆ ಸಲ್ಲತಕ್ಕವನು.

ಪ್ರಮಾಣ

ಹರಿಹರನ ರಗಳೆಯ ಪ್ರಕಾರ, ಉಡುತಡಿಯ ಮಹಾದೇವಿ ಅರಸ ಕೌಶಿಕನ ಮುಂದೆ ಮೊದಲೇ ಷರತ್ತು ಇಟ್ಟಿದ್ದಳು: ತನ್ನ ಶಿವಪೂಜೆಗೆ, ಶಿವಭಕ್ತರ ಒಡನಾಟಕ್ಕೆ ಅಡ್ಡಿ ಬರಕೂಡದು. ಅವನು ಮಾತು ಮೀರಿದ, ಅವಳು ಅರಮನೆ ಬಿಟ್ಟಳು. ಗ್ಯಾಪ್ ಎಷ್ಟೆಂದು ಮುಂಚೆಯೇ ಅಳೆದುಕೊಟ್ಟ ಆ ಮಹಾತಾಯಿಯನ್ನು ಆಟೋ ನಗರ ಪಂಥ ತನ್ನ ಆದ್ಯಾಚಾರ್ಯೆ ಎಂದು ಪರಿಗಣಿಸಿದರೆ ತಪ್ಪಿಲ್ಲ.

ಸಿದ್ಧಾಂತ

ಕರಗುವ ಕೆಲಸ ಯಾವಾಗಲೂ ಒಬ್ಬರ ಪಾಲಿಗೇ ಬರುವುದರಿಂದ ಖಾನಾಪುರ ಪಂಥ ಬಿದ್ದುಹೋಯಿತು. ಆಟೋ ನಗರ ಪಂಥವೇ ಗ್ರಾಹ್ಯ. ನಿಶ್ಚಿತಾರ್ಥವಾದ ವರಮಹಾಶಯರಲ್ಲಿ ವಿನಂತಿ: ಅಕ್ಕಿಯ ತಟ್ಟೆ ಮುಂದೆ ಬಂದಾಗ, ಏನು ಬರೆಯಬೇಕೆಂದು ಅವಳನ್ನೇ ಕೇಳಿ. ಇದ್ದ ಹೆಸರೇ ಇರಲಿ ಎಂದರೆ ಅದನ್ನೇ ಬರೆಯಿರಿ, ಕಾಗುಣಿತ ತಪ್ಪಿಲ್ಲದಂತೆ.